ಕಡವಿನ ಕಲ್ಲಿನ ಎರಡು ಶಬ್ದ

ಬ್ರಹ್ಮಾವರದವರು ನಮ್ಮ ಅಂಗಳಕ್ಕೆ ಮೊದಲ ಸಲ ಬಂದಾಗ ಕುಡಿಯುವ ನೀರನ್ನು ತಾವೇ ತಂದಿದ್ದರು. ಉಡುಪಿ ಬೇರೆ ಜಿಲ್ಲೆಯಾದ ಮರುವರ್ಷದ ಬೇಸಗೆ. ಇಬ್ಬರು ಗಂಡಸರು, ಒಬ್ಬ ಹೆಂಗಸು. ಹೆಂಗಸಿಗೆ ಹೆಚ್ಚುಕಡಿಮೆ ನನ್ನದೇ ಪ್ರಾಯ, ಐವತ್ತು ದಾಟಿತ್ತು. ಮಡಿಲಲ್ಲಿ ಒಂದು ಹಳೇ ಹಿತ್ತಾಳೆಯ ಚೊಂಬು, ಬಾಯಿಗೆ ಬಾಳೆ ಎಲೆ ಮುಚ್ಚಿ ನಾರಿನಿಂದ ಬಿಗಿದದ್ದು. ಬಸ್ಸಿನಲ್ಲಿ ಒಂದು ತೊಟ್ಟೂ ಚೆಲ್ಲದ ಹಾಗೆ ಅದನ್ನು ಹಿಡಿದುಕೊಂಡು ಬಂದಿದ್ದಳು.

ನಾನು ಅಭ್ಯಾಸಬಲದಿಂದ ಒಳಗೆ ಹೋಗಿ ನೀರು, ಬೆಲ್ಲದ ತುಂಡು ತಂದೆ. ನಮ್ಮಲ್ಲಿ ಅಂಗಳ ಹತ್ತಿದ ಯಾರಿಗೇ ಆದರೂ ಅದು ಮೊದಲು. ಆಕೆ ನನ್ನ ಮುಂದೆ ಅಂಗೈ ಅಡ್ಡ ಹಿಡಿದಳು.

"ಬೇಡ ಅಮ್ಮ. ನಿಮ್ಗೆ ಗೊತ್ತಿಲ್ಯಾ? ನಿಮ್ ಮನಿ ನೀರ್ ನಮ್ಗ್ ಆತಿಲ್ಲೆ."

ಜಗಲಿಯ ಕುರ್ಚಿಯಿಂದ ನನ್ನ ಗಂಡ ನಕ್ಕರು. "ಗೊತ್ತಿಲ್ದೆ ಎಂತ? ಅದ್ ಕಾನ್ವೆಂಟಿನ ಮರ್ಯಾದಿ. ಬಂದವ್ರಿಗೆಲ್ಲ ಕೊಡುದ್. ಒಳಗ್ ತಕಂಡ್ ಹೋಗ್ ಮಾರಾಯ್ತಿ."

ನನಗೆ ಗೊತ್ತಿತ್ತು. ಮದುವೆಯಾಗಿ ಬಂದ ವರ್ಷವೇ ಹೇಳಿದ್ದರು. ನಮ್ಮ ಕಡೆ ಎರಡು ಮನೆಗಳ ನಡುವೆ ದೈವದ ಮುಂದೆ ಆಣೆ ಬಿದ್ದರೆ, ಅದನ್ನು ಬಿಡಿಸುವ ತನಕ ಒಬ್ಬರ ಮನೆಯ, ಒಬ್ಬರ ಕೈಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಬಿಡಿಸಬೇಕಾದರೆ ಎರಡೂ ಮನೆಯವರು ಒಟ್ಟಿಗೆ ನಿಂತು, ತಪ್ಪಿದವರು ತಪ್ಪು ಒಪ್ಪಿಕೊಳ್ಳಬೇಕು. ನಮ್ಮಿಬ್ಬರ ಮನೆಗಳ ನಡುವೆ ಯಾರೂ ಒಪ್ಪಿಕೊಂಡಿರಲಿಲ್ಲ. ಆಣೆ ನಾಲ್ಕೈದು ತಲೆಮಾರಿನಿಂದ ಹಾಗೇ ಕೂತಿತ್ತು.

ನಮ್ಮ ಮನೆ ಇರುವುದು ತಲ್ಲೂರಿನಿಂದ ಹಟ್ಟಿಯಂಗಡಿ ಕಡೆಗೆ ಹೋಗುವಾಗ, ಹೊಳೆಯ ಬದಿಯಲ್ಲಿ. ತೋಟ ಮುಗಿದಲ್ಲಿ ಹಿಂದೆ ದೋಣಿ ಕಟ್ಟುತ್ತಿದ್ದ ಕಡವು. ಊರಿನ ದೈವಕ್ಕೆ ಒಂದು ಬೆಳ್ಳಿಯ ಮುಖ, ಎಂದರೆ ಮುಖವಾಡ, ಇತ್ತಂತೆ. ಅದನ್ನು ಕಾಯುವುದು ಈ ಬ್ರಹ್ಮಾವರದವರ ಹಿರಿಯರ ಹಕ್ಕು. ಪೆಟ್ಟಿಗೆಗೆ ಎರಡು ಕೀಲಿ: ಒಂದು ಅವರಲ್ಲಿ, ಇನ್ನೊಂದು ನಮ್ಮ ಮನೆಯ ಯಜಮಾನರಲ್ಲಿ. ಯಾವ ಒಂದರಿಂದಲೂ ತೆರೆಯಬಹುದಿತ್ತು. ಒಂದು ಮಳೆಗಾಲ ದೊಡ್ಡ ನೆರೆ ಬಂತು. ಆ ನೆರೆಯ ಹೊತ್ತಿನಲ್ಲೇ ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ಮಾತು ಹೋಯಿತು. ನೆರೆ ಇಳಿದು, ಶ್ರಾವಣದ ಸುಮಾರಿಗೆ ಬರುವ ಸೋಣೆ ಸಂಕ್ರಾಂತಿಯ ದಿನ ಪೆಟ್ಟಿಗೆ ತೆರೆದರೆ ಬೆಳ್ಳಿಯ ಮುಖ ಇಲ್ಲ. ಮಾತು ಹೋಗಿ ಮಲಗಿದವರ ಮೇಲೆ ಯಾರು ಸಂಶಯಪಟ್ಟಾರು? ಕಳ್ಳರು ಇವರೇ ಎಂದು ನಮ್ಮವರು ಆಣೆ ಹಾಕಿದರು. ಕದ್ದಿಲ್ಲ ಎಂದು ಅವರೂ ಹಾಕಿದರು. ನಮ್ಮವರು ಅವರ ಬಾವಿಗೆ ಮುಳ್ಳು ತುಂಬಿಸಿದರು. ಇಡೀ ಕುಟುಂಬ ಎರಡು ದೋಣಿ ಹತ್ತಿ ಊರು ಬಿಟ್ಟಿತು.

ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಹೇಳುತ್ತಿದ್ದ ಸಿಸ್ಟರ್ ಎಕ್ಸೈಲ್, ಗಡೀಪಾರು, ಎಂದರೆ ಹಡಗು, ದ್ವೀಪ, ಸೋತ ಚಕ್ರವರ್ತಿ ಎಂದು ಕಲಿಸಿದ್ದರು. ನಾನು ಮ್ಯಾಪಿನಲ್ಲಿ ಅಂಥ ದ್ವೀಪಗಳಿಗೆ ಬಣ್ಣ ಹಚ್ಚುತ್ತಿದ್ದೆ. ನಮ್ಮ ಊರಿನ ಎಕ್ಸೈಲ್ ಹೋಗಿ ಮುಟ್ಟಿದ್ದು ಬ್ರಹ್ಮಾವರಕ್ಕೆ. ಕುಂದಾಪುರದಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಸಾಕು. ಆದರೆ ಆ ಮುಕ್ಕಾಲು ಗಂಟೆಯ ದಾರಿಯನ್ನು ಅವರಲ್ಲಿ ಯಾರೂ ಅಷ್ಟು ವರ್ಷ ಹಿಂದಕ್ಕೆ ಬಂದಿರಲಿಲ್ಲ.

ಅವತ್ತು ಬಂದದ್ದು ಪರ್ಮಿಷನ್ ಕೇಳುವುದಕ್ಕಲ್ಲ. ಕಡವಿನ ಜಾಗ ಸರಕಾರದ್ದು, ಪಂಚಾಯತಿಯ ಒಪ್ಪಿಗೆ ಸಿಕ್ಕಿತ್ತು. ಅಲ್ಲೊಂದು ಕಲ್ಲು ನಿಲ್ಲಿಸುತ್ತೇವೆ ಎಂದು ತಿಳಿಸಿ ಹೋಗಲು ಬಂದಿದ್ದರು. ಕಲ್ಲಿನಲ್ಲಿ ಕೆತ್ತಿಸುವ ಸಾಲನ್ನು ಆಕೆ ಚೀಟಿಯಿಂದ ಓದಿದಳು: "ತಪ್ಪು ಮಾಡದ ನಮ್ಮ ಹಿರಿಯರು ಈ ಕಡವಿನಲ್ಲಿ ದೋಣಿ ಹತ್ತಿ ಊರು ಬಿಟ್ಟರು."

ನನ್ನ ಗಂಡ ಕುರ್ಚಿಯಿಂದ ಎದ್ದರು. "ತಪ್ಪು ಮಾಡದ ಅಂದ್ರೆ? ಹಾಂಗಾರೆ ತಪ್ಪ್ ಮಾಡದ್ದ್ ಯಾರ್?"

"ಅದನ್ನ ಬರ್ಸ್ಲಿಲ್ಲ ಅಲ್ದಾ," ಎಂದಳು ಆಕೆ. "ಕಲ್ಲಗೆ ಅಷ್ಟ್ ಜಾಗ ಇಲ್ಲೆ."

"ಆ ಎರಡ್ ಶಬ್ದ ತೆಗಿನಿ. ಉಳ್ದದ್ದ್ ಎಂತ ಬೇಕಾರೂ ಬರ್ಕಣಿ."

"ಉಳ್ದದ್ದ್ ಎಲ್ಲ ತೆಗಿತ್ತ್, ಬೇಕಾರೆ. ಆ ಎರಡ್ ಇರ್ಕ್."

ಅಷ್ಟು ಹೇಳಿ, ನಮ್ಮ ಜಗಲಿಯ ಮೆಟ್ಟಿಲಿನ ಮುಂದೆಯೇ ಚೊಂಬಿನ ನಾರು ಬಿಚ್ಚಿ, ಮೂವರೂ ಸರದಿಯಲ್ಲಿ ನೀರು ಕುಡಿದರು. ನಿಧಾನವಾಗಿ, ನಾವು ನೋಡಲಿ ಎಂದೇ ಕುಡಿದ ಹಾಗೆ. ನಾನು ಬೆಲ್ಲದ ತಟ್ಟೆ ಹಿಡಿದು ನಿಂತೇ ಇದ್ದೆ. ಬೆಲ್ಲಕ್ಕೆ ಇರುವೆ ಹತ್ತಿತ್ತು.

ನನಗೆ ಕಷ್ಟವಾದದ್ದು ಅವರ ಸೊಕ್ಕಲ್ಲ. ಆ ಎರಡು ಶಬ್ದ ನಿಜ ಎಂದು ನನಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಒಂದು ತಮಾಷೆ ನಡೆದು ಬಂದಿತ್ತು. ಮಕ್ಕಳು ಯಾರಾದರೂ ಮೂರನೆಯ ಸಲ ಅನ್ನ ಕೇಳಿದರೆ, "ಎಂತ, ಅಜ್ಜನ ಹಸಿವಾ ನಿಂಗೆ?" ಎನ್ನುವುದು. ಆ ಅಜ್ಜ ಎಂದರೆ ಲಕ್ವಾ ಹೊಡೆದ ಅದೇ ಯಜಮಾನರು. ಮಾತು ಹೋದ ಮೇಲೆ ಅವರು ಬದುಕಿದ್ದಷ್ಟು ದಿನ ಎಡಗೈ ಎತ್ತಿ ಭತ್ತದ ಕಣಜವನ್ನೇ ತೋರಿಸುತ್ತಿದ್ದರಂತೆ. ಅಜ್ಜನಿಗೆ ಹಸಿವು ಎಂದು ಮನೆಯವರು ಗಂಜಿ ಕುಡಿಸುತ್ತಿದ್ದರು. ಕುಡಿದ ಮೇಲೂ ತೋರಿಸಿದರೆ ಇನ್ನೊಂದು ಬಟ್ಟಲು. ಬೇಡವೆಂದು ಮುಖ ತಿರುಗಿಸಿದರೆ ಇಬ್ಬರು ಹಿಡಿದು ಕುಡಿಸುವುದು. ಮೂರು ತಲೆಮಾರು ಈ ಕತೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ನನ್ನ ಅತ್ತೆ ಮಾತ್ರ ನಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಒಂದು ದಿನ, ಸಾರಿಗೆ ಕಾಯಿ ತುರಿಯುತ್ತ, ತಲೆ ಎತ್ತದೆ ಹೇಳಿದರು. "ಅಜ್ಜಯ್ಯಂಗೆ ಹಸಿವಾದದ್ದಲ್ಲ ಹೆಣೆ. ಅವ್ರ್ ಕಣಜ ತೋರ್ಸದ್ದ್. ನಮ್ಮವ್ರ್ ಗಂಜಿ ಕೊಟ್ಟದ್ದ್."

ಅತ್ತೆ ಹೊಸ ಮದುಮಗಳಾಗಿ ಬಂದಾಗ ಕಣಜದ ಅಡಿಯ ಹಲಗೆ ಗೆದ್ದಲು ಹಿಡಿದು ಬದಲಿಸಬೇಕಾಯಿತಂತೆ. ಹಲಗೆ ಎತ್ತಿದರೆ ಕೆಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ದೈವದ ಬೆಳ್ಳಿಯ ಮುಖ. ನೆರೆ ನುಗ್ಗುತ್ತದೆಂದು ಅಜ್ಜ ತಾನೇ ತೆಗೆದು ಭದ್ರವಾಗಿ ಇಟ್ಟಿದ್ದರು. ಯಾರಿಗೂ ಹೇಳುವ ಮೊದಲು ಬಾಯಿ ನಿಂತಿತು. ಮನೆಯ ಗಂಡಸರು ಅದನ್ನು ಹಿಡಿದು ಕೂತು ಯೋಚಿಸಿದರು. ದೈವಕ್ಕೆ ಹೊಸ ಮುಖ ಮಾಡಿಸಿ ಬಹಳ ಕಾಲವಾಗಿದೆ, ಹೋದವರು ಹೋಗಿದ್ದಾರೆ, ಈಗ ಹೇಳಿದರೆ ಮನೆಯ ಮರ್ಯಾದೆ ಏನಾಗಬೇಕು? ಕಡವಿನ ಹತ್ತಿರ ಹೊಳೆ ಆಳ ಇರುವಲ್ಲಿ ಕಲ್ಲು ಕಟ್ಟಿ ಮುಳುಗಿಸಿದರು.

"ಯಾರ ಹತ್ರವೂ ಹೇಳ್ಬೇಡ," ಎಂದರು ಅತ್ತೆ. ಕಾಯಿ ತುರಿದದ್ದು ಮುಗಿಯಿತು. ಮತ್ತೆ ಅವರು ಆ ಮಾತು ಎತ್ತಲಿಲ್ಲ. ಶಾಲೆಯಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಕನ್‌ಫೆಷನ್‌ಗೆ ಹೋಗಿ, ಮರದ ಡಬ್ಬಿಯಲ್ಲಿ ಪಾದ್ರಿಯ ಕಿವಿಗೆ ತಪ್ಪು ಹೇಳಿ, ಹಗುರಾಗಿ ಹೊರಗೆ ಬರುವುದನ್ನು ಕಂಡು ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು. ಅತ್ತೆಗೆ ನಾನೇ ಆ ಮರದ ಡಬ್ಬಿಯಾದೆ. ನನಗೆ ಡಬ್ಬಿ ಸಿಗಲಿಲ್ಲ.

ಕಲ್ಲು ಬಂತು. ಕಾರ್ಕಳದ ಕರಿಕಲ್ಲು, ಎದೆಯೆತ್ತರ. ಕೆಂಪು ಮುರಕಲ್ಲಿನ ಕಟ್ಟೆಯ ಮೇಲೆ ಹೊಳೆಗೆ ಮುಖ ಮಾಡಿ ನಿಲ್ಲಿಸಿದರು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ನಮ್ಮವರ ಮುಖ ನೋಡಿಕೊಂಡು ಊರಿನವರೂ ಹೋಗಲಿಲ್ಲ. ಹದಿನೈದಿಪ್ಪತ್ತು ಜನ ಬ್ರಹ್ಮಾವರದಿಂದ ಟೆಂಪೋದಲ್ಲಿ ಬಂದು, ತಾವೇ ಕಾಯಿ ಒಡೆದು, ತಾವೇ ಪ್ರಸಾದ ಹಂಚಿಕೊಂಡು ಹೋದರು.

ನಾಲ್ಕನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಗಂಡ ತೋಟದ ಕಡೆಯಿಂದ ಬಂದರು. ಮೊಣಕೈ ತನಕ ಬೂದು ಬಣ್ಣದ ಪುಡಿ. ಹುಬ್ಬಿನಲ್ಲೂ ಇತ್ತು. ಕೈಯಲ್ಲಿ ಕಾಯಿ ಸುಲಿಯುವ ಹಾರೆ ಇರಲಿಲ್ಲ, ಉಳಿ ಮತ್ತು ಸುತ್ತಿಗೆ ಇತ್ತು.

"ಬಿಸ್ನೀರ್ ಇತ್ತಾ?" ಎಂದು ಕೇಳಿದರು.

ನಾನು ಹಂಡೆಯಿಂದ ಬಿಸಿನೀರು ತೋಡಿ ಕೊಟ್ಟೆ. ಬೆನ್ನಿಗೂ ಹಾಕಿದೆ. ಒಂದು ಮಾತು ಆಡಲಿಲ್ಲ. ಡಿಗ್ನಿಫೈಡ್ ಸೈಲೆನ್ಸ್ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಬಚ್ಚಲಿನ ಮೂಲೆಯಲ್ಲಿ ಕಲ್ಲಿನ ಪುಡಿ ಎರಡು ದಿನ ಉಳಿದಿತ್ತು.

ವಾರ ಕಳೆದು ಆಕೆ ಬಂದಳು. ಈ ಸಲ ಅಂಗಳಕ್ಕೆ ಬರಲಿಲ್ಲ, ಬೇಲಿಯ ದಣಪೆಯ ಹೊರಗೆ ನಿಂತು ಕರೆದಳು.

"ಹ್ವಾಯ್, ಅಮ್ಮ! ಕಲ್ಲಿನ ಎರಡ್ ಶಬ್ದ ಎಲ್ಲಿಗ್ ಹೋಯ್ತ್?"

ಗಂಡ ಮನೆಯಲ್ಲಿರಲಿಲ್ಲ. ಕುಂದಾಪುರದಲ್ಲಿ ಅವರದು ಹಂಚಿನ ವ್ಯಾಪಾರ, ಅಲ್ಲಿಗೆ ಹೋಗಿದ್ದರು. ದಣಪೆಯ ಈಚೆ ನಾನೊಬ್ಬಳೇ. ನನ್ನ ಬಾಯಿಂದ ಊರಿನ ಮಾತು ಬರಲಿಲ್ಲ, ಕಾನ್ವೆಂಟಿನ ಪುಸ್ತಕದ ಕನ್ನಡ ಬಂತು. "ಯಾರೋ ದನ ಕಾಯುವವರು ಮಾಡಿರಬೇಕು. ನಮಗೆ ತಿಳಿಯದು."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ದನ ಕಾಯುವವ್ರಿಗೆ ಓದುಕೆ ಬತ್ತ್ ಅಂದೇಳಿ ನಂಗ್ ಗೊತ್ತಿರ್ಲಿಲ್ಲೆ ಕಾಣಿ. ಇಡೀ ಕಲ್ಲಗೆ ಎರಡೇ ಶಬ್ದ ಹುಡ್ಕಿ ತೆಗ್ದಿದ್ರ್. ಒಳ್ಳೆ ಶಾಲೆಗ್ ಹೋಗಿರ್ಕ್, ನಿಮ್ ಹಾಂಗೆ."

ಆ ವರ್ಷದಿಂದ ಪ್ರತಿ ಸೋಣೆ ಸಂಕ್ರಾಂತಿಗೂ ಅವರು ಬಂದರು. ಕೆತ್ತಿ ತೆಗೆದ ಬೋಳು ಜಾಗಕ್ಕೆ ಸರಿಯಾಗಿ ಹೂವಿನ ಮಾಲೆ ಕಟ್ಟಿ ಹೋಗುತ್ತಿದ್ದರು. ನಮ್ಮ ಮನೆಯ ಕಡೆ ಕತ್ತು ಕೂಡ ತಿರುಗಿಸುತ್ತಿರಲಿಲ್ಲ. ಗಂಡ ಆ ದಿನ ಬೇಕೆಂದೇ ರೇಡಿಯೋ ಜೋರು ಮಾಡುತ್ತಿದ್ದರು.

ಒಮ್ಮೆ ಬೈಂದೂರಿನಲ್ಲಿ ಮಗಳ ಗಂಡನ ಕಡೆಯ ಮದುವೆ. ಹಾಲ್‌ನಲ್ಲಿ ಬಡಿಸಲು ಜನ ಸಾಲದೆ ನಾನು ನೀರಿನ ಜಗ್ಗು ಹಿಡಿದಿದ್ದೆ. ಸಾಲಿನ ಮಧ್ಯೆ ಆಕೆ ಕೂತಿದ್ದಾಳೆಂದು ಕಂಡದ್ದು ಲೋಟದ ಮೇಲೆ ಜಗ್ಗು ಬಗ್ಗಿಸಿದ ಮೇಲೆ. ಆಕೆ ಲೋಟ ಕವುಚಿ ಹಾಕಿದಳು. ನೀರು ಎಲೆಯ ಮೇಲೆ, ಪಾಯಸದ ಮೇಲೆ ಬಿತ್ತು.

"ಈ ಸಾಲಿಗ್ ನೀರ್ ಹಾಕುಕೆ ಬೇರೆ ಯಾರೂ ಇಲ್ಯಾ?" ಎಂದು ಇಡೀ ಹಾಲ್‌ಗೆ ಕೇಳುವ ಹಾಗೆ ಕೂಗಿದಳು. ಎಲೆ ಮಡಚಿ ಎದ್ದೇ ಹೋದಳು. ಮದುವೆಯ ಮನೆಯವರು ನನ್ನನ್ನೇ ನೋಡಿದರು. ನನಗೆ ಆಗ ಸಿಟ್ಟು ಬಂದದ್ದು ಆಕೆಯ ಮೇಲೆ. ಎಷ್ಟು ವರ್ಷ ಅದೇ ಸಿಟ್ಟಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ!

ಹೈವೇ ಅಗಲ ಮಾಡುವ ಕೆಲಸ ಶುರುವಾಗಿ ಕುಂದಾಪುರದ ರಸ್ತೆಯೆಲ್ಲ ಧೂಳಾಗಿದ್ದ ಕಾಲ. ಬೇಸಗೆ ರಜೆಗೆ ಬೈಂದೂರಿನಿಂದ ಮೊಮ್ಮಗಳು ಬಂದಿದ್ದಳು. ಮಧ್ಯಾಹ್ನ ಮೀನಿನ ಗಸಿ ರುಚಿಯಾಗಿ, ಮೂರನೆಯ ಸಲ ಅನ್ನ ಕೇಳಿದಳು. ಗಂಡ ನಕ್ಕರು. "ಎಂತ ಮಗಾ, ಅಜ್ಜನ ಹಸಿವಾ ನಿಂಗೆ?"

ಅದೇ ಮಾತು. ಅದೇ ನಗು. ಮಗು ಯಾವ ಅಜ್ಜ ಎಂದು ಕೇಳಿತು. ಗಂಡ ಕೈ ಎತ್ತಿ, ಬಾಯಿ ಸೊಟ್ಟ ಮಾಡಿ, ಕಣಜ ತೋರಿಸುವ ಅಭಿನಯ ಮಾಡಿದರು. ಮಗು ಬಿದ್ದು ಬಿದ್ದು ನಕ್ಕಿತು. ನಾನು ಸಟ್ಟುಗ ಒಳಗಿಟ್ಟು ಅನ್ನದ ಪಾತ್ರೆ ಮುಚ್ಚಿದೆ.

ಮಗು ಆಡಲು ಹೋದ ಮೇಲೆ ಹೇಳಿದೆ. "ಹ್ವಾಯ್, ಅದ್ ಹಸಿವಲ್ಲ."

ಅವರು ಕೈ ತೊಳೆಯುತ್ತಿದ್ದರು.

"ಬೆಳ್ಳಿ ಮುಖ ಕಣಜದ ಅಡಿ ಇತ್ತ್. ಅತ್ತೆ ನನ್ ಹತ್ರ ಹೇಳಿದ್ರ್."

"ಗೊತ್ತಿತ್ತ್."

"ಎಂತ ಗೊತ್ತಿತ್ತ್?"

"ಹೆತ್ತ ಅಬ್ಬಿ ನಂಗೂ ಹೇಳಿದ್ಲ್. ನಿಂಗೊಬ್ಳಿಗೇ ಹೇಳದ್ದ್ ಅಂದ್ಕಂಡ್ಯಾ?"

ಅಷ್ಟು ವರ್ಷ ಒಂದೇ ಮನೆಯಲ್ಲಿ, ಒಬ್ಬರಿಂದ ಒಬ್ಬರು ಅದೇ ಗುಟ್ಟು ಕಾಯುತ್ತಿದ್ದೆವು. "ಗೊತ್ತಿದ್ದೂ ಆ ಶಬ್ದ ಕೆತ್ತಿ ತೆಗ್ದ್ರ್ಯಾ?"

"ಗೊತ್ತಿದ್ದದ್ದಕ್ಕೇ ತೆಗ್ದದ್ದ್," ಎಂದರು. "ಸುಳ್ಳ್ ಆಗಿದ್ರೆ ಇರ್ಲಿ ಬಿಡ್ ಅಂತಿದ್ದೆ." ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಮಲಗಲು ಹೋದರು.

ಮರುದಿನ ಬೆಳಿಗ್ಗೆ ನಾನು ಬ್ರಹ್ಮಾವರದ ಬಸ್ಸು ಹತ್ತಿದೆ. ಪೇಟೆಯಲ್ಲಿ ಆಕೆಯದು ಜೀನಸಿನ ಅಂಗಡಿ, ಕೇಳಿದರೆ ಯಾರಾದರೂ ತೋರಿಸುತ್ತಾರೆ. ಆಕೆ ಹುರುಳಿ ತೂಗಿ ಕಟ್ಟುತ್ತಿದ್ದಳು. ಗಿರಾಕಿ ಹೋಗುವ ತನಕ ಕಾದು, ನಿಂತುಕೊಂಡೇ ಎಲ್ಲ ಹೇಳಿದೆ. ಅಜ್ಜ, ಗಂಜಿ, ಕಣಜ, ಹೊಳೆ. ಹೇಳುವಷ್ಟು ಹೊತ್ತೂ ಆಕೆ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಲಿಲ್ಲ. ಗಂಜಿಯ ಮಾತು ಬಂದಾಗ ಮಾತ್ರ ದಾರ ಹಿಡಿದ ಕೈ ಒಂದು ಕ್ಷಣ ನಿಂತಿತು.

"ಇಷ್ಟ್ ವರ್ಷ ಇದನ್ನ ಎಲ್ಲಿ ಇಟ್ಕಂಡಿದ್ರಿ ಅಮ್ಮ?" ಎಂದಳು. "ಕಣಜದ ಅಡಿಯಾ?"

ನಾನು ಸಾರಿ ಎಂದೆ. ಇಂಗ್ಲಿಷಿನಲ್ಲೇ ಬಂತು.

"ನನ್ ಅಜ್ಜಿ ಸಾಯುವಲ್ಲಿವರಿಗೂ ಹೇಳ್ತಿದ್ಲ್, ನಾವ್ ಕದ್ದದ್ದಲ್ಲ ಮಗಾ ಅಂದೇಳಿ. ನಾವ್ ಅದನ್ನ ನಂಬ್ಕಂಡೇ ಬದ್ಕದ್ದ್. ನೀವ್ ಬಂದ್ ಹೇಳಿ ನಂಗ್ ಹೊಸ್ತಾಯ್ ಗೊತ್ತಾಪ್ದ್ ಎಂತದೂ ಇಲ್ಲೆ. ನನ್ನೊಬ್ಳ ಕೆಮಿಗ್ ಹೇಳ್ರೆ ಸಾಕಾತಿಲ್ಲೆ. ಊರಿಗ್ ಕಾಂಬ ಹಾಂಗ್ ಹೇಳಿ. ಹೋಯ್ನಿ."

ಅಂಗಡಿಯ ಮೂಲೆಯಲ್ಲಿ ಮಣ್ಣಿನ ಹೂಜಿ, ಅದರ ಮೇಲೆ ಸ್ಟೀಲಿನ ಲೋಟ. ನನ್ನ ಕಣ್ಣೆದುರೇ ಯಾರೋ ಬಂದು ಕುಡಿದು ಹೋದರು. ಬೇಸಗೆಯ ಬಿಸಿಲಿಗೆ ನನ್ನ ನಾಲಗೆ ಅಂಟಿಕೊಂಡಿತ್ತು. ಆಕೆ ಕೊಡುವ ಹಾಗಿಲ್ಲ, ನಾನು ಕೇಳುವ ಹಾಗಿಲ್ಲ. ಆಣೆ ಎರಡು ಕಡೆಗೂ ಆಣೆಯೇ. ಬಸ್‌ಸ್ಟ್ಯಾಂಡಿಗೆ ನಡೆದು ಬಂದು ಬಾಟಲಿ ನೀರು ಕೊಂಡೆ.

ಕಲ್ಲು ಕೆತ್ತುವವರನ್ನು ಕಾರ್ಕಳದಿಂದ ನಾನೇ ಕರೆಸಿದೆ. ಅವರು ಬೋಳು ಜಾಗದ ಮೇಲೆ ಕೈ ಆಡಿಸಿ ಹೇಳಿದರು, "ಯಾರಮ್ಮ ಇಷ್ಟು ಆಳ ಹೊಡೆದದ್ದು? ಇದು ಸಿಟ್ಟಿನ ಪೆಟ್ಟು ಮಾರಾಯ್ರೆ. ಇಲ್ಲಿ ಸಮ ಮಾಡಿ ಕೆತ್ತಬೇಕಾದರೆ ಶಬ್ದ ಒಳಗೆ ಹೋಗ್ತದೆ, ಬೇರೆ ಅಕ್ಷರದ ಸಾಲಿಗೆ ಬರುವುದಿಲ್ಲ." ಹೋಗಲಿ ಎಂದೆ.

ಹಗಲು ಹೊತ್ತು, ಕೆಲಸಕ್ಕೆ ಹೋಗುವವರು ಬರುವವರು ನೋಡುವಾಗಲೇ ಕೆತ್ತಿದರು. ಕೊಡೆ ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ದೊಡ್ಡ ಮನೆಯ ಅಮ್ಮ ಇಲ್ಲೆಂತ ಮಾಡುದ್ ಎಂದು ಕೇಳಿದವರಿಗೆಲ್ಲ ಕಣಜದ ಕತೆ ಹೇಳಿದೆ. ಹನ್ನೆರಡು ಗಂಟೆಯೊಳಗೆ ಊರೆಲ್ಲ ಕೇಳಿಯಾಗಿತ್ತು. ಸಂಜೆ ಗಂಡನ ತಮ್ಮ ಫೋನ್ ಮಾಡಿದರು. "ಅತ್ಗೆ, ಮನಿ ಮರ್ಯಾದಿ ತಕಂಡ್ ಹೋಯಿ ಹೊಳಿಗ್ ಹಾಕ್ದ್ರಿ ಅಲ್ದಾ!"

"ನಾನಲ್ಲ ಹಾಕದ್ದ್. ನಾನ್ ಬಪ್ಪುಕ್ ಮೊದ್ಲೇ ಹಾಕಿ ಆಗಿತ್ತ್," ಎಂದು ಫೋನ್ ಇಟ್ಟೆ. ಆಮೇಲೆ ಅವರ ಮನೆಯ ಯಾವ ಶುಭಕಾರ್ಯಕ್ಕೂ ನನಗೆ ಕರೆ ಬರಲಿಲ್ಲ. ಗಂಡ ಎರಡು ತಿಂಗಳು ನನ್ನ ಕೈಯಿಂದ ಚಾ ತೆಗೆದುಕೊಳ್ಳಲಿಲ್ಲ, ತಾವೇ ಮಾಡಿಕೊಂಡು ಕುಡಿದರು.

ಆ ಸೋಣೆ ಸಂಕ್ರಾಂತಿಗೆ ಆಕೆ ಒಬ್ಬಳೇ ಬಂದಳು. ಚೊಂಬಿನ ಬದಲು ಈಗ ಪ್ಲಾಸ್ಟಿಕ್ ಬಾಟಲಿ. ನಾನು ತೋಟದ ತುದಿಯಲ್ಲಿ ನಿಂತಿದ್ದೆ. ಆಕೆ ಸಾಲು ಓದಿ, ಕೆಳಗಿಳಿದ ಎರಡು ಶಬ್ದದ ಮೇಲೆ ಬೆರಳಿಡಲು ಹೋಗಿ ಸರ್ರನೆ ಕೈ ಹಿಂದೆ ತೆಗೆದಳು. ಬೆಳಗಿನ ಮಳೆಯ ನೀರು ಆ ತಗ್ಗಿನ ಅಂಚಿನಲ್ಲಿ, ಅಕ್ಷರಗಳ ಒಳಗೆ ನಿಂತಿತ್ತು. ನಮ್ಮ ಮನೆಯ ಕೈ ಹೊಡೆದ ತಗ್ಗಿನಲ್ಲಿ ನಿಂತದ್ದು ಆಕೆಗೆ ನಮ್ಮ ಮನೆಯ ನೀರೇ.

"ಯಾರ್ ತೆಗ್ದದ್ದ್ ಇದನ್ನ, ಆಗ?" ಎಂದು ನನ್ನ ಕಡೆ ನೋಡದೆ ಕೇಳಿದಳು.

"ನಮ್ಮನಿಯವ್ರ್. ದನ ಕಾಯುವವ್ರಲ್ಲ. ನಾನ್ ಸುಳ್ಳ್ ಹೇಳದ್ದ್."

"ಗೊತ್ತಿತ್ತ್. ನಿಮ್ ಬಾಯಗೆ ಕೇಂಬುಕಿತ್ತ್." ಜಗಲಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಅವ್ರಿಗ್ ದೈವದ ಮನಿಗ್ ಬಪ್ಪುಕೆ ಹೇಳಿ. ಯಜಮಾನ್ರ್ ಬರ್ದೆ ಆಣಿ ಬಿಡುದಿಲ್ಲೆ."

ನಾನು ಹೋಗಿ ಹೇಳಿದೆ. ಗಂಡ ರೇಡಿಯೋದ ಕಿವಿ ತಿರುಗಿಸಿ ಸದ್ದು ಇನ್ನೂ ಏರಿಸಿದರು. "ಬತ್ತಿಲ್ಲೆ ಅಂದೇಳಿ ಹೇಳ್." ನಾನು ವಾಪಸು ಬರುವ ಮೊದಲೇ ಆ ಸದ್ದು ಆಕೆಗೆ ಉತ್ತರ ಹೇಳಿಯಾಗಿತ್ತು. ಬಾಟಲಿ ಎತ್ತಿ ಎರಡು ಗುಟುಕು ಕುಡಿದು, ಮಾಲೆಯನ್ನು ಈ ಸಲ ಶಬ್ದ ಮುಚ್ಚದ ಹಾಗೆ ಕಲ್ಲಿನ ನೆತ್ತಿಗೆ ಕಟ್ಟಿ, ಹೋದಳು.

ಆಣೆ ಈಗಲೂ ಇದೆ. ಆಕೆ ಪ್ರತಿ ವರ್ಷ ಬರುತ್ತಾಳೆ, ಮಾಲೆ ಕಟ್ಟುತ್ತಾಳೆ, ಆ ಎರಡು ಶಬ್ದದ ಮೇಲೆ ಬೆರಳು ಆಡಿಸುತ್ತಾಳೆ. ಸೋಣೆ ಸಂಕ್ರಾಂತಿಯ ಬೆಳಿಗ್ಗೆ ನಾನು ಒಂದು ಹಳೇ ಹತ್ತಿ ಸೀರೆಯ ತುಂಡು ಹಿಡಿದು ಕಡವಿಗೆ ಇಳಿಯುತ್ತೇನೆ. ಮಂಡಿ ನೋಯುತ್ತದೆ, ಮೆಟ್ಟಿಲು ಪಾಚಿ ಹಿಡಿದಿದೆ. ಒಂದೊಂದು ಅಕ್ಷರದ ಒಳಗೂ ಬಟ್ಟೆಯ ತುದಿ ತೂರಿಸಿ ನೀರು ಹೀರಿ ತೆಗೆಯುತ್ತೇನೆ. ಮಳೆ ಬಂದರೆ ಕೊಡೆ ಹಿಡಿದು ಬಸ್ಸು ಬರುವ ತನಕ ಅಲ್ಲೇ ನಿಲ್ಲುತ್ತೇನೆ. ನಮ್ಮ ತಗ್ಗಿನ ನೀರು ಆಕೆಯ ಕೈಗೆ ತಾಗಬಾರದು. ಜಗಲಿಯಿಂದ ಗಂಡ ನೋಡುತ್ತಿರುತ್ತಾರೆ.

"ಒರ್ಸ್, ಒರ್ಸ್. ಸಮ ಒರ್ಸ್," ಎನ್ನುತ್ತಾರೆ, ರೇಡಿಯೋದ ಮೇಲಿನಿಂದ.

ಸಮವಾಗಿಯೇ ಒರೆಸುತ್ತೇನೆ.